ಆಗದವರ ಗಡಿಯಲ್ಲಿ

ಅಯಸ್ಕಾಂತಕ್ಕೂ ಅತಿವಾಹಕಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಇದರ ಬಿಸಿ ಮೊದಲು ತಟ್ಟಿದ್ದು ಅತಿವಾಹಕತೆಯನ್ನು ಕಂಡುಹಿಡಿದ ಕಾಮರ್ಲಿಂಗ್ ಓನ್ಸ್ ಅವರಿಗೇ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅವರು ಪಾದರಸವನ್ನು 4.2 ಕೆಲ್ವಿನ್‌ಗೆ, ಎಂದರೆ ಮೈನಸ್ 269 ಡಿಗ್ರಿಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಇಲ್ಲವಾಯಿತು. ಇದೇ ಗುಣದ ಸೀಸದ ತಂತಿ ಸುತ್ತಿ ಭಾರಿ ಅಯಸ್ಕಾಂತ ಮಾಡೋಣವೆಂದು ಹೊರಟರೆ, ಸಾಧಾರಣ ಕಾಂತಕ್ಷೇತ್ರಕ್ಕೇ ಅದರ ಅತಿವಾಹಕತೆ ಸೋತುಹೋಯಿತು.

ಹೊರಗಿನ ಕ್ಷೇತ್ರದ ಕಾಟ ಒಂದು ಬಗೆ. ಒಳಗೇ ಕುಳಿತ ಕಾಂತತೆಯದು ಇನ್ನೂ ಆಳದ್ದು. ಬಾರ್ಡೀನ್, ಕೂಪರ್, ಶ್ರೀಫರ್ 1957ರಲ್ಲಿ ವಿವರಿಸಿದಂತೆ, ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ. ಒಂದರ ಸ್ಪಿನ್, ಎಂದರೆ ಎಲೆಕ್ಟ್ರಾನಿನ ಪುಟ್ಟ ಕಾಂತತೆಗೆ ಮೂಲವಾದ ಗುಣ, ಮೇಲ್ಮುಖವಾದರೆ ಇನ್ನೊಂದರದು ಕೆಳಮುಖ. ಅಯಸ್ಕಾಂತಕ್ಕೋ ಎಲ್ಲ ಸ್ಪಿನ್‌ಗಳೂ ಒಂದೇ ಕಡೆ ತಿರುಗಿರಬೇಕು. ಜೋಡಿ ಮುರಿಯದೆ ಇನ್ನೇನು?

ಈ ಜಗಳವನ್ನು ಕಣ್ಣಾರೆ ನೋಡಬೇಕೆಂದರೆ 1977ರಲ್ಲಿ ಪರೀಕ್ಷೆಗೊಳಗಾದ ಎರ್ಬಿಯಂ, ರೋಡಿಯಂ, ಬೋರಾನ್‌ಗಳ ಸಂಯುಕ್ತವನ್ನು ನೋಡಬೇಕು. ತಣಿಸುತ್ತ ಹೋದರೆ ಸುಮಾರು 8.7 ಕೆಲ್ವಿನ್‌ನಲ್ಲಿ ರೋಧ ಸೊನ್ನೆ. ಇನ್ನೂ ತಣಿಸಿ, ಒಂದು ಕೆಲ್ವಿನ್‌ಗಿಂತ ಕೆಳಗಿಳಿಸಿ: ಎರ್ಬಿಯಂ ಪರಮಾಣುಗಳು ಸಾಲಾಗಿ ನಿಂತು ಕಾಂತತೆ ತಲೆಯೆತ್ತುತ್ತದೆ, ಹೋಗಿದ್ದ ರೋಧ ಮರಳಿ ಬರುತ್ತದೆ. ಚಳಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕವೇ ಇಲ್ಲಿ ತಲೆಕೆಳಗು.

ಹೀಗೆ ಆಗದವರನ್ನು ಒಂದುಗೂಡಿಸುವುದಾದರೂ ಏಕೆ? ಹಾರ್ಡ್ ಡಿಸ್ಕ್ ಓದುವ ತಲೆಯಲ್ಲಿ ಸ್ಪಿನ್ ಆಗಲೇ ದುಡಿಯುತ್ತಿದೆ. ಆದರೆ ಅಲ್ಲಿ ಹರಿಯುವ ಕರೆಂಟು ಬಿಸಿಯನ್ನೂ ಹುಟ್ಟಿಸುತ್ತದೆ. ರೋಧವಿಲ್ಲದ ಕರೆಂಟೇ ಸ್ಪಿನ್ ಹೊತ್ತು ಸಾಗಿದರೆ? ದಾರಿಯಿದೆ ಎಂದು 2001ರಲ್ಲಿ ಬರ್ಗೆರೆಟ್, ವೋಲ್ಕೊವ್, ಎಫೆಟೊವ್ ಲೆಕ್ಕ ಹಾಕಿ ತೋರಿಸಿದರು. ಅತಿವಾಹಕವೂ ಅಯಸ್ಕಾಂತವೂ ಕೂಡುವ ಗಡಿಯಲ್ಲಿ ಕಾಂತತೆಯ ದಿಕ್ಕು ತುಸು ತಿರುಚಿಕೊಂಡಿದ್ದರೆ, ಕೆಲವು ಜೋಡಿಗಳ ಎರಡೂ ಸ್ಪಿನ್ ಒಂದೇ ಕಡೆ ವಾಲುತ್ತವೆ. ಅಂಥ ಜೋಡಿಯನ್ನು ಒಡೆಯಲು ಅಯಸ್ಕಾಂತಕ್ಕೆ ಕಾರಣವೇ ಉಳಿಯುವುದಿಲ್ಲ.

2006ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನ ತಂಡ ಕ್ರೋಮಿಯಂ ಡೈಆಕ್ಸೈಡ್ ಎಂಬ ಗಟ್ಟಿ ಅಯಸ್ಕಾಂತದೊಳಗೆ ನೂರಾರು ನ್ಯಾನೋಮೀಟರ್ ದೂರ ಅತಿವಾಹಕ ಕರೆಂಟು ಹಾಯುವುದನ್ನು ಕಂಡಿತು. ಸಾಮಾನ್ಯ ಜೋಡಿ ಅಂಥಲ್ಲಿ ಕೆಲವೇ ನ್ಯಾನೋಮೀಟರ್ ದಾಟುವುದೂ ಕಷ್ಟ. ಆದರೆ ಒಂದೇ ರೀತಿ ಮಾಡಿದ ಮಾದರಿಗಳಲ್ಲೂ ಕರೆಂಟು ಒಂದರಲ್ಲಿ ಇಷ್ಟು, ಇನ್ನೊಂದರಲ್ಲಿ ಅಷ್ಟು. ಗಡಿಯ ತಿರುಚು ಯಾರ ಹಿಡಿತದಲ್ಲೂ ಇರಲಿಲ್ಲ. 2010ರಲ್ಲಿ ಕೇಂಬ್ರಿಜ್ ತಂಡ ಆ ತಿರುಚನ್ನು ಬೇಕೆಂದೇ ತಂದಿಟ್ಟಿತು: ಕೋಬಾಲ್ಟಿನ ಎರಡೂ ಬದಿಗೆ ಹೋಲ್ಮಿಯಂ ಪದರ, ಅದರಾಚೆ ನಿಯೋಬಿಯಂ. ತಂಪಿನಲ್ಲಿ ಹೋಲ್ಮಿಯಂನ ಕಾಂತತೆ ಪದರದಿಂದ ಪದರಕ್ಕೆ ಸುರುಳಿಯಾಗಿ ತಿರುಗುವುದು ಅದರ ಜನ್ಮಗುಣ. ನನ್ನ ಮಟ್ಟಿಗೆ ಈ ಕಥೆಯ ಜಾಣತನವೆಲ್ಲ ಈ ತೆಳು ಪದರದಲ್ಲಿದೆ.

ಸ್ಪಿನ್ ಹೊತ್ತ ಈ ರೋಧವಿಲ್ಲದ ಕರೆಂಟಿನಿಂದ ಡೇಟಾ ಸೆಂಟರುಗಳ ವಿದ್ಯುತ್ ಬಿಲ್ ಇಳಿದೇ ಇಳಿಯುತ್ತದೆ ಎನ್ನುವವರ ಮಾತನ್ನು ಮಾತ್ರ ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ನಾಲ್ಕು ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಬಿಸಿ ಹೊರಹಾಕಲು ಇತ್ತ ನೂರಾರು ವ್ಯಾಟ್ ಸುರಿಯಬೇಕು. ಹೇಗೂ ತಣಿಸಲೇಬೇಕಾದ ಅತಿವಾಹಕ ಕಂಪ್ಯೂಟರುಗಳ ಪಕ್ಕದಲ್ಲಾದರೆ ಮಾತು ಬೇರೆ. ಅವುಗಳಿಗೆ ಒತ್ತಾಗಿ ಕೂರುವ ಮೆಮೊರಿಯ ಕೊರತೆ ಮೊದಲಿನಿಂದಲೂ ಇದೆ. ಕರೆಂಟು ಹೋದರೂ ತನ್ನ ದಿಕ್ಕನ್ನು ಮರೆಯದಿರುವುದು ಅಯಸ್ಕಾಂತದ ಹಳೆಯ ಕಸುಬು.