ಬೆಳಕು ಹಾಡನ್ನು ಕೇಳಿಸಿಕೊಂಡಿದೆಯೇ?

ಹಾಡಿಗೆ ತಕ್ಕಂತೆ ದೀಪ ಕುಣಿಸುವವರಲ್ಲಿ ಬಹಳ ಮಂದಿ ಎಕ್ಸ್‌ಲೈಟ್ಸ್ ಎಂಬ ಉಚಿತ ತಂತ್ರಾಂಶ ಬಳಸುತ್ತಾರೆ. ಅದರ ಪರದೆಯಲ್ಲಿ ಹಾಡಿನ ಧ್ವನಿ ಅಲೆಅಲೆಯಾಗಿ ಕಾಣುತ್ತದೆ. ತಾಳದ ಪೆಟ್ಟು ಬೀಳುವಲ್ಲೆಲ್ಲ ಒಂದೊಂದು ಸಣ್ಣ ಗೆರೆ. ಎಡಗಡೆ ಒಂದರ ಕೆಳಗೊಂದು ದೀಪಗಳ ಹೆಸರು: ಸೂರು, ಕಿಟಕಿ, ಕಮಾನು, ದೊಡ್ಡ ಮರ. ಮಿಕ್ಕಿದ್ದೆಲ್ಲ ಖಾಲಿ ಚೌಕ. ಯಾವ ಕ್ಷಣಕ್ಕೆ ಯಾವ ದೀಪ ಏನು ಮಾಡಬೇಕೆಂದು ಆ ಚೌಕಗಳನ್ನು ತುಂಬುತ್ತ ಹೋಗುವುದೇ ಸೀಕ್ವೆನ್ಸಿಂಗ್. ಬೇಕಾದಷ್ಟು ಚೌಕಗಳನ್ನು ಒಟ್ಟಿಗೆ ಗುರುತು ಮಾಡಿ, ಮೌಸಿನ ಬಲಗುಂಡಿ ಒತ್ತಿ, ರ‍್ಯಾಂಡಮ್ ಎಫೆಕ್ಟ್ ಆರಿಸಿಕೊಂಡರೆ ಚೌಕಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ತುಂಬಿರುತ್ತವೆ. ಇಲ್ಲೊಂದು ಸುರುಳಿ, ಅಲ್ಲೊಂದು ಉಲ್ಕೆ, ಪಕ್ಕದಲ್ಲಿ ಬೆಂಕಿ, ಅದರ ಕೆಳಗೆ ಗಿರಗಿಟ್ಟಲೆ. ಹೀಗೆ ತುಂಬಿದ ಬೆಳಕಿಗೂ ಆ ಹಾಡಿಗೂ ಏನು ಸಂಬಂಧ ಎಂಬುದು ನನ್ನ ಪ್ರಶ್ನೆ.

ಈ ಹವ್ಯಾಸದ ತವರು ಅಮೆರಿಕ. ಕ್ರಿಸ್‌ಮಸ್ ಹತ್ತಿರವಾದಂತೆ ಎಷ್ಟೋ ಬಡಾವಣೆಗಳಲ್ಲಿ ಕೆಲವು ಮನೆಗಳ ಮುಂದೆ ಸಂಜೆ ಕಾರುಗಳು ಸಾಲುಗಟ್ಟುತ್ತವೆ. ಅಂಗಳದಲ್ಲಿ ಬರೆದಿಟ್ಟ ಎಫ್‌ಎಂ ಸಂಖ್ಯೆಗೆ ಕಾರಿನ ರೇಡಿಯೊ ತಿರುಗಿಸಿದರೆ ಹಾಡು ಕೇಳಿಸುತ್ತದೆ, ನೆರೆಹೊರೆಯವರಿಗೆ ಗದ್ದಲವಿಲ್ಲ. ಒಹಾಯೊ ರಾಜ್ಯದ ಮೇಸನ್ ಊರಿನ ಎಂಜಿನಿಯರ್ ಕಾರ್ಸನ್ ವಿಲಿಯಮ್ಸ್ ಅವರ ಮನೆಯ ದೀಪಗಳು ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾದ 'ವಿಝರ್ಡ್ಸ್ ಇನ್ ವಿಂಟರ್' ಸಂಗೀತಕ್ಕೆ ಕುಣಿದ ವಿಡಿಯೊ 2005ರಲ್ಲಿ ಲೋಕವೆಲ್ಲ ಹರಿದಾಡಿತು. ಸುಮಾರು 16,000 ದೀಪ, ಅವನ್ನು ಗುಂಪುಗುಂಪಾಗಿ ನಡೆಸುವ 88 ಚಾನೆಲ್. ಆಗ ಒಂದು ಚಾನೆಲ್ಲಿಗೆ ಮಾಡಲು ಬರುತ್ತಿದ್ದದ್ದು ಹೊತ್ತುವುದು, ಆರುವುದು, ಮೆಲ್ಲಗೆ ಏರುವುದು, ಇಳಿಯುವುದು, ಅಷ್ಟೇ. ಆದರೂ ಆ ವಿಡಿಯೊ ಇಂದಿಗೂ ಹಿಡಿದು ಕೂರಿಸುತ್ತದೆ. ಪಿಯಾನೊದ ಸಣ್ಣ ಸ್ವರಕ್ಕೆ ಸಣ್ಣ ದೀಪ, ವಾದ್ಯಗಳೆಲ್ಲ ಒಮ್ಮೆಲೇ ಎರಗಿದಾಗ ಇಡೀ ಮನೆ. ಮಾಡಿದವರು ಆ ಸಂಗೀತವನ್ನು ಬಾಯಿಪಾಠವಾಗುವಷ್ಟು ಕೇಳಿದ್ದಾರೆಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ಈಗಿನ ಪಿಕ್ಸೆಲ್ ದೀಪದಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ 256 ಹಂತಗಳಲ್ಲಿ ಬದಲಿಸಬಹುದು. 5,000 ಪಿಕ್ಸೆಲ್ ಇರುವ ಅಂಗಳವೆಂದರೆ 15,000 ಚಾನೆಲ್. ಸೆಕೆಂಡಿಗೆ 20 ಚೌಕಟ್ಟಿನಂತೆ ಮೂರು ನಿಮಿಷದ ಹಾಡಿಗೆ 3,600 ಚೌಕಟ್ಟು. ಇಷ್ಟನ್ನು ಕೈಯಲ್ಲಿ ತುಂಬುವ ಮನುಷ್ಯ ಹುಟ್ಟಿಲ್ಲ. ರ‍್ಯಾಂಡಮ್ ಗುಂಡಿ ಬಂದದ್ದು ಸೋಮಾರಿಗಳಿಗಾಗಿ ಎಂದು ಹೇಳುವುದು ಅನ್ಯಾಯ. ದೀಪ ಅಗ್ಗವಾಯಿತು, ಮನುಷ್ಯನ ಹೊತ್ತು ಮಾತ್ರ ಇದ್ದಷ್ಟೇ ಉಳಿಯಿತು; ನಡುವಿನ ಕಂದರಕ್ಕೆ ಯಂತ್ರ ಸೇತುವೆ ಹಾಕಿತು.

ಗುಂಡಿಯ ಪರವಾಗಿ ಇರುವ ವಾದವನ್ನು ಅದರ ಪೂರ್ತಿ ಬಲದೊಡನೆಯೇ ಎದುರುಗೊಳ್ಳಬೇಕು. ಮೊದಲನೆಯದಾಗಿ, ನೋಡುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಒಂದು ಸದ್ದೂ ಒಂದು ದೃಶ್ಯವೂ ಒಂದೇ ಗಳಿಗೆಯಲ್ಲಿ ಬಂದರೆ ಮನಸ್ಸು ಎರಡನ್ನೂ ಬೆಸೆದುಬಿಡುತ್ತದೆ. ಸಿನಿಮಾದ ಧ್ವನಿಯ ಬಗ್ಗೆ ಬರೆದ ಫ್ರಾನ್ಸಿನ ಮಿಶೆಲ್ ಶಿಯೋನ್ ಈ ಬೆಸುಗೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ದೀಪದ ಆಟದಲ್ಲಿ ನಡೆಯುವುದೂ ಅದೇ. ಗುರುತು ಮಾಡಿದ ಚೌಕಗಳು ತಾಳದ ಗೆರೆಗಳ ನಡುವೆ ಇರುವುದರಿಂದ ಎಫೆಕ್ಟ್ ಬದಲಾಗುವ ಗಳಿಗೆ ಸರಿಯಾಗಿಯೇ ಇರುತ್ತದೆ. ಯಾವಾಗ ಎಂಬುದು ಹಾಡಿನಿಂದ ಬಂತು, ಏನು ಎಂಬುದು ಮಾತ್ರ ಲಾಟರಿಯಿಂದ. ತಾಳದ ಪೆಟ್ಟಿಗೆ ಸರಿಯಾಗಿ ಸುರುಳಿ ಉಲ್ಕೆಯಾದರೆ, ಉಲ್ಕೆಯೇ ಅಲ್ಲಿ ಬರಬೇಕಾಗಿತ್ತು ಎಂದು ಕಣ್ಣು ನಂಬುತ್ತದೆ.

ಎರಡನೆಯ ವಾದ ಕಲೆಯ ಚರಿತ್ರೆಯದು. ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್ 1951ರಲ್ಲಿ 'ಮ್ಯೂಸಿಕ್ ಆಫ್ ಚೇಂಜಸ್' ಎಂಬ ಪಿಯಾನೊ ಕೃತಿಯನ್ನು ನಾಣ್ಯ ಚಿಮ್ಮಿ, ಚೀನಾದ 'ಐ ಚಿಂಗ್' ಗ್ರಂಥದ ಕ್ರಮದಂತೆ ಸ್ವರ, ಅವಧಿ, ಜೋರು ಎಲ್ಲವನ್ನೂ ಆಕಸ್ಮಿಕಕ್ಕೆ ಬಿಟ್ಟು ರಚಿಸಿದರು. ಅವರ ಒಡನಾಡಿ ಮರ್ಸ್ ಕನ್ನಿಂಗ್‌ಹ್ಯಾಮರ ನೃತ್ಯ ಮತ್ತು ಅದರ ಸಂಗೀತ ಒಂದಕ್ಕೊಂದು ಗೊತ್ತಿಲ್ಲದಂತೆ ತಯಾರಾಗುತ್ತಿದ್ದವು; ಎಷ್ಟೋ ಸಲ ನರ್ತಕರು ಸಂಗೀತ ಕೇಳುತ್ತಿದ್ದದ್ದು ಮೊದಲ ಪ್ರದರ್ಶನದಲ್ಲೇ. ಇನ್ನೊಬ್ಬ ಸಂಗೀತ ರಚನೆಕಾರ ಯಾನಿಸ್ ಕ್ಸೆನಾಕಿಸ್ 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ 1,200 ದೀಪಗಳ ಆಟವನ್ನು ಸಂಗೀತಕ್ಕೆ ಕಟ್ಟಿಹಾಕದೆ, ಬೇರೆಯೇ ಆಗಿ ರಚಿಸಿದರು. ಇಷ್ಟು ದೊಡ್ಡವರು ಮಾಡಿದ್ದು ಅಂಗಳದ ಹವ್ಯಾಸಿಗೆ ಏಕೆ ಕೂಡದು?

ಕೂಡದು ಎಂದು ನಾನು ಹೇಳುತ್ತಿಲ್ಲ. ಆದರೆ ಕೇಜ್ ಏನು ಮಾಡಿದರೆಂದು ಹತ್ತಿರದಿಂದ ನೋಡಬೇಕು. ನಾಣ್ಯ ಚಿಮ್ಮುವ ಮೊದಲು ಅವರು ಕೋಷ್ಟಕಗಳನ್ನು ಸಿದ್ಧಪಡಿಸಿದರು. ಸ್ವರಗಳ ಕೋಷ್ಟಕದಲ್ಲಿ 64 ಚೌಕ. ಅದರಲ್ಲಿ 32 ಚೌಕಗಳಲ್ಲಿ ಸದ್ದು, ಉಳಿದ 32ರಲ್ಲಿ ಮೌನ. ನಾಣ್ಯ ಹೇಗೆ ಬಿದ್ದರೂ ಸುಮ್ಮನಿರುವ ಸಾಧ್ಯತೆ ಮಾತನಾಡುವ ಸಾಧ್ಯತೆಯಷ್ಟೇ ಇತ್ತು. ಆಕಸ್ಮಿಕ ಕೈಹಾಕುವ ಮುಂಚೆಯೇ ಒಬ್ಬ ಸಂಗೀತಗಾರನ ತೀರ್ಮಾನ ಅಲ್ಲಿ ಕೂತಿತ್ತು. ಕನ್ನಿಂಗ್‌ಹ್ಯಾಮ್, ಕ್ಸೆನಾಕಿಸ್ ಇಬ್ಬರೂ ನೃತ್ಯವೋ ಬೆಳಕೋ ಸಂಗೀತದ ಹಿಂದೆ ನಡೆಯುತ್ತದೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅಂಗಳದ ದೀಪದವರು ಕೊಡುತ್ತಾರೆ. ರೇಡಿಯೊ ಈ ಸಂಖ್ಯೆಗೆ ತಿರುಗಿಸಿ ಎಂದು ಫಲಕ ಹಾಕುವುದೆಂದರೆ, ಈ ಬೆಳಕು ಈ ಹಾಡಿನದು ಎಂದು ಹೇಳಿದಂತೆಯೇ.

ರ‍್ಯಾಂಡಮ್ ಗುಂಡಿ ತನ್ನಷ್ಟಕ್ಕೆ ಬಿಟ್ಟರೆ ತಪ್ಪುವುದು ಇಲ್ಲಿಯೇ. ಗುರುತು ಮಾಡಿದ ಚೌಕಗಳನ್ನು ತುಂಬುವುದಕ್ಕೇ ಅದು ಇರುವುದು, ಖಾಲಿ ಬಿಡುವುದು ಅದರ ಕೆಲಸವಲ್ಲ. ಆದರೆ ಬೆಳಕಿನ ಆಟದಲ್ಲಿ ಅತ್ಯಂತ ಕಷ್ಟದ ತೀರ್ಮಾನ ಕತ್ತಲೆಯದು. ಹಾಡುಗಾರ್ತಿ ಉಸಿರೆಳೆದುಕೊಳ್ಳುವ ಅರೆಗಳಿಗೆ, ಡ್ರಮ್ಮಿನ ಹೊಡೆತಕ್ಕೆ ಮುಂಚಿನ ಖಾಲಿ, ಹಾಡಿನ ಆರಂಭದಲ್ಲಿ ಒಂದೇ ವಾದ್ಯ ತಡವರಿಸಿಕೊಂಡು ಬರುವ ಹೊತ್ತು, ಇಲ್ಲೆಲ್ಲ 5,000 ಪಿಕ್ಸೆಲ್ಲುಗಳಲ್ಲಿ 4,900 ಆರಿರಬೇಕು. ಹಣ ಕೊಟ್ಟು ತಂದು, ಏಣಿ ಹತ್ತಿ ಕಟ್ಟಿದ ದೀಪವನ್ನು ಆರಿಸಿಡಲು ಗಟ್ಟಿ ಮನಸ್ಸು ಬೇಕು. ಹಾಡನ್ನು ಕೇಳಿದವರಿಗೆ ಮಾತ್ರ ಅದು ಬರುತ್ತದೆ.

ಇನ್ನೊಂದು ಕೊರತೆ ನೆನಪಿನದು. ಹಾಡಿನ ಪಲ್ಲವಿ ಎರಡನೆಯ ಸಲ ಬಂದಾಗ ಕಿವಿಗೆ ಒಂದು ನೆಮ್ಮದಿ. ಪರಿಚಿತರೊಬ್ಬರು ಮತ್ತೆ ಬಾಗಿಲಿಗೆ ಬಂದ ಹಾಗೆ. ಮೊದಲ ಪಲ್ಲವಿಗೆ ಕಮಾನುಗಳು ಎಡದಿಂದ ಬಲಕ್ಕೆ ಹರಿದಿದ್ದರೆ, ಎರಡನೆಯ ಪಲ್ಲವಿಗೂ ಅವು ಹಾಗೆ ಹರಿಯಲಿ ಎಂದು ಕಣ್ಣು ಕಾಯುತ್ತದೆ. ಮೂರನೆಯ ಸಲಕ್ಕೆ ಅದೇ ಹರಿವು ಮರಕ್ಕೂ ಹಬ್ಬಿದರೆ ಕಾರಿನಲ್ಲಿ ಕೂತ ಮಕ್ಕಳು ಹೋ ಎನ್ನುತ್ತಾರೆ. ರ‍್ಯಾಂಡಮ್ ಆಗಿ ತುಂಬಿದ ಚೌಕಗಳಿಗೆ ಹಿಂದಿನದರ ನೆನಪಿಲ್ಲ. ಪಲ್ಲವಿ ಬಂತೋ ಚರಣ ಬಂತೋ ಅವುಗಳಿಗೆ ಒಂದೇ. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲವೆಂಬ ಮಾತು ಮೊದಲ ಅರ್ಧ ನಿಮಿಷಕ್ಕೆ ನಿಜ. ಆಮೇಲೆ ಏಕೆಂದು ತಿಳಿಯದೆಯೇ ಬೇಸರ ಶುರುವಾಗುತ್ತದೆ: ಪ್ರತಿ ಕ್ಷಣವೂ ಹೊಸದು, ಯಾವುದೂ ಮರಳಿ ಬರುವುದಿಲ್ಲ.

ಆಕಸ್ಮಿಕವೂ ಮನೋಧರ್ಮವೂ ಒಂದೇ ಅಲ್ಲವೇ, ಕಛೇರಿಯಲ್ಲಿ ವಿದ್ವಾಂಸರು ಮುಂಚೆ ಬರೆದಿಟ್ಟುಕೊಂಡು ಕಲ್ಪನಾಸ್ವರ ಹಾಡುತ್ತಾರೆಯೇ ಎಂದು ಕರ್ನಾಟಕ ಸಂಗೀತ ಕೇಳಿ ಬೆಳೆದವರು ಕೇಳಬಹುದು. ಎರಡೂ ಒಂದೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತನಿ ಆವರ್ತನದಲ್ಲಿ ಮೃದಂಗದವರು ಎಷ್ಟೇ ದೂರ ಹೋದರೂ ಕೊನೆಯ ಕೋರ್ವೆ ಮುಗಿದು, ತಾಳದಲ್ಲಿ ಹಾಡು ಶುರುವಾಗುವ ಜಾಗವಾದ ಎಡುಪ್ಪಿಗೆ ಬಂದು ಕೂಡಲೇಬೇಕು. ಹೊರಟ ಜಾಗದ ಲೆಕ್ಕ ಉದ್ದಕ್ಕೂ ತಲೆಯಲ್ಲಿರುತ್ತದೆ. ಮುಂದೇನು ಬರುತ್ತದೆಂದು ಕೇಳುಗನಿಗೆ ಗೊತ್ತಿರುವುದಿಲ್ಲ, ಕೆಲವೊಮ್ಮೆ ನುಡಿಸುವವರಿಗೂ ಗೊತ್ತಿರುವುದಿಲ್ಲ, ಆದರೆ ಅಲ್ಲಿ ಯಾವುದೂ ಹಾಡನ್ನು ಮರೆತು ಬರುವುದಿಲ್ಲ.

ಈ ಆಟದ ರ‍್ಯಾಂಡಮ್ ಬಹಳ ಹೊತ್ತು ರ‍್ಯಾಂಡಮ್ ಆಗಿ ಉಳಿಯುವುದೂ ಇಲ್ಲ, ಇದನ್ನು ಯಾರೂ ಗಮನಿಸಿದಂತಿಲ್ಲ. ಗುಂಡಿ ಒತ್ತಿದ ಗಳಿಗೆಯಲ್ಲಷ್ಟೇ ಲಾಟರಿ. ಆಮೇಲೆ ಅದು ಕಡತವಾಗಿ ಉಳಿಯುತ್ತದೆ. ಡಿಸೆಂಬರಿನ ಪ್ರತಿ ಸಂಜೆ ಅದೇ ಉಲ್ಕೆ ಅದೇ ಪೆಟ್ಟಿಗೆ ಅದೇ ಕಿಟಕಿಯಲ್ಲಿ ಬೀಳುತ್ತದೆ. ಬಿದ್ದದ್ದನ್ನು ನೋಡಿ ಅಳಿಸಬಹುದಾಗಿತ್ತು, ಅಳಿಸಲಿಲ್ಲ. ಉಳಿಸಿಕೊಂಡ ಮೇಲೆ ಅದು ಯಂತ್ರ ಕೊಟ್ಟದ್ದೆಂದು ಹೇಳಿ ಕೈ ತೊಳೆದುಕೊಳ್ಳಲಾಗದು. ಆಕಸ್ಮಿಕವನ್ನು ಬಳಸುವವನ ಕರ್ತೃತ್ವವೆಲ್ಲ ಈ ಉಳಿಸುವ ಅಳಿಸುವ ಕೆಲಸದಲ್ಲಿದೆ. ಅಲ್ಲದೆ ಲಾಟರಿಯಲ್ಲಿ ಯಾವ ಯಾವ ಎಫೆಕ್ಟುಗಳು ಇರಬೇಕೆಂದು ಮೊದಲೇ ಗುರುತು ಹಾಕಿಡಲು ಎಕ್ಸ್‌ಲೈಟ್ಸ್‌ನಲ್ಲೇ ಅನುಕೂಲವಿದೆ. ಜೋಗುಳದಂಥ ಹಾಡಿಗೆ ಕೂರುವ ಮುಂಚೆ ಮಿಂಚು, ಸ್ಫೋಟಗಳ ಗುರುತು ತೆಗೆದುಬಿಡುವವರು ಕೇಜ್ ಕೋಷ್ಟಕ ಮಾಡಿದ ಹಾದಿಯಲ್ಲೇ ಇದ್ದಾರೆ.

ಆಕಸ್ಮಿಕ ಬೇಕೇ ಬೇಕಾದ ಜಾಗಗಳೂ ಇವೆ. ಹಿಮ ಬೀಳುವುದು, ಬೆಂಕಿ ಉರಿಯುವುದು, ನಕ್ಷತ್ರ ಮಿನುಗುವುದು ಕೈಯಲ್ಲಿ ಲೆಕ್ಕ ಹಾಕಿ ಮಾಡಿದರೆ ಕೃತಕವಾಗಿ ಕಾಣುತ್ತದೆ. ಹಾಡಿನ ಹಿಂದೆ ತೆಳ್ಳಗೆ ಹರಡಿರುವ ವಾದ್ಯಮೇಳಕ್ಕೆ ಹೊದರಿನ ಮೇಲೆ ಕ್ರಮವಿಲ್ಲದ ಮಿನುಗು ಹೊಂದುತ್ತದೆ, ಏಕೆಂದರೆ ಅಲ್ಲಿ ಕಿವಿ ಒಂದೊಂದು ಸ್ವರವನ್ನೂ ಎಣಿಸುತ್ತಿರುವುದಿಲ್ಲ. ಕೈಕಟ್ಟಿ ಕೂತಾಗ ಏನೂ ತೋಚದಿದ್ದರೆ ಗುಂಡಿ ಒತ್ತಿ ಬಂದದ್ದರಲ್ಲಿ ಒಂದು ಒಳ್ಳೆಯ ಕಿಡಿ ಹುಡುಕುವುದೂ ಸರಿಯೇ.

ಹಗಲು ಕೆಲಸ, ರಾತ್ರಿ ಮಕ್ಕಳ ಊಟ ಪಾಠ ಮುಗಿಸಿ ಒಂದೆರಡು ಗಂಟೆ ಕೂರುವವರಿಗೆ ಇಷ್ಟೆಲ್ಲ ಎಲ್ಲಿ ಸಾಧ್ಯ ಎಂಬ ಆಕ್ಷೇಪ ನನ್ನನ್ನು ನಿಜವಾಗಿ ತಡೆದು ನಿಲ್ಲಿಸುತ್ತದೆ. ಆದರೆ ಹೊತ್ತಿನ ಕೊರತೆಗೆ ಪರಿಹಾರ ಚೌಕಗಳನ್ನೆಲ್ಲ ತುಂಬುವುದಲ್ಲ, ಚೌಕಗಳನ್ನು ಕಡಿಮೆ ಮಾಡಿಕೊಳ್ಳುವುದು. ಒಂದು ಹಾಡಿಗೆ ಇಡೀ ಅಂಗಳ ಬೇಕಿಲ್ಲ. ಹಾಡುವ ದನಿಗೆ ಕಮಾನುಗಳು, ತಾಳಕ್ಕೆ ಸೂರು, ಪಲ್ಲವಿಗೆ ಮಾತ್ರ ದೊಡ್ಡ ಮರ; ಈ ಮೂರು ಸಾಲನ್ನು ಕೇಳಿ ಕೇಳಿ ಕೈಯಿಂದ ತುಂಬಿ, ಹೊದರಿನ ಸಾಲಿಗೆ ಬೇಕಾದರೆ ಲಾಟರಿಯ ಮಿನುಗು ಹಾಕಿ, ಮಿಕ್ಕ ಸಾಲುಗಳನ್ನು ಈ ಡಿಸೆಂಬರಿಗೆ ಖಾಲಿಯೇ ಬಿಡಬಹುದು. ಈ ಹವ್ಯಾಸದವರು ಹಳೆಯ ಕಡತ ತೆರೆದು ತಿದ್ದುತ್ತಲೇ ಇರುತ್ತಾರೆ, ಆ ಸಾಲುಗಳಿಗೆ ಮುಂದಿನ ವರ್ಷವಿದೆ.