ನೆಟ್ಟ ಕಾಡು, ಗರಸಿನ ದಾರಿ

ಕಾಡಿಲ್ಲದ ಊರಿನವರು ಏಕಾಂತಕ್ಕೆ ಎಲ್ಲಿಗೆ ಹೋಗಬೇಕು? ವಿಜಯಪುರದ ಮಟ್ಟಿಗೆ ಇದು ಹಗುರವಾದ ಪ್ರಶ್ನೆಯಲ್ಲ. ಉಪನಿಷತ್ತುಗಳ ಬೆನ್ನಿಗೆ ಆರಣ್ಯಕಗಳಿವೆ. ಅಕ್ಕಮಹಾದೇವಿ ಕಲ್ಯಾಣವನ್ನೂ ಬಿಟ್ಟು ಶ್ರೀಶೈಲದ ಕದಳಿಗೆ ನಡೆದಳು. ಅಲ್ಲಮಪ್ರಭುವಿನ ಕೊನೆಯ ದಾರಿಯೂ ಅತ್ತಲೇ ಎಂದು ಪರಂಪರೆ ಹೇಳುತ್ತದೆ. ಹೀಗೆ ಕನ್ನಡದ ಮನಸ್ಸಿನಲ್ಲಿ ಬಯಲಾಗುವುದಕ್ಕೂ ಕಾಡಿಗೂ ಹಳೆಯ ನಂಟು ಬೆಳೆದಿದೆ. ಆದರೆ ವಿಜಯಪುರ ಜಿಲ್ಲೆಯಲ್ಲಿ ಹತ್ತು ವರ್ಷದ ಹಿಂದೆ ಅರಣ್ಯವೆಂದು ಲೆಕ್ಕಕ್ಕೆ ಸಿಗುತ್ತಿದ್ದ ನೆಲ ಶೇಕಡ ಒಂದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಎರಿ ಹೊಲ, ಮಸಾರಿ, ಕಲ್ಲು ಮಡ್ಡಿ, ಜಾಲಿ.

ಈಗ ಅಲ್ಲೊಂದು ಕಾಡು ಎದ್ದಿದೆ, ಅದನ್ನು ಎಬ್ಬಿಸಿದವರು ಮನುಷ್ಯರು. ಆ ಕಾಡಿನತ್ತ ಸೈಕಲ್ ತುಳಿಯುವವರೂ ಇದ್ದಾರೆ. ಮನುಷ್ಯ ಗುಂಡಿ ತೋಡಿ ನೆಟ್ಟು ಟ್ಯಾಂಕರ್ ನೀರು ಹಾಕಿ ಬೆಳೆಸಿದ ಕಾಡು ಋಷಿಗಳ ಕಾಡಿನ ಕೆಲಸ ಮಾಡಬಲ್ಲದೇ? ಅಲ್ಲಿ ಸಿಗುವ ಶಾಂತಿ ನಿಜವಾದದ್ದೇ, ಅಥವಾ ನಾವೇ ಕಟ್ಟಿಕೊಂಡ ಉದ್ಯಾನದ ಹಿತವೇ?

ದಾರಿ ಹೀಗಿದೆ. ಮೆಕ್ಕಾ ದರವಾಜೆ ದಾಟಿ ಪಶ್ಚಿಮಕ್ಕೆ ಹೊರಟರೆ ಶಾಹಪುರದ ದಿಬ್ಬದ ಮೇಲೆ ಅಮೀನ್ ದರ್ಗಾ. ಅಥಣಿ ರಸ್ತೆಯಲ್ಲಿ ಮುಂದೆ ಅಕ್ಕನ ಹೆಸರಿನ ಮಹಿಳಾ ವಿಶ್ವವಿದ್ಯಾಲಯ, ರಾಮಾಯಣ ಬರೆದ ಕುಮಾರವಾಲ್ಮೀಕಿಯ ತೊರವಿ. ಇನ್ನೂ ಹೋದರೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್‌ಗಳು, ತಿಕೋಟಾ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಬಬಲೇಶ್ವರ, ಅದರಾಚೆ ಮಮದಾಪುರ. ಊರಿನಿಂದ ಊರಿಗೆ ಡಾಂಬರಿದೆ. ಡಾಂಬರು ಬಿಟ್ಟವರಿಗೆ ಚಕ್ಕಡಿ ದಾರಿಗಳಿವೆ, ಕಾಲುವೆ ಬದಿಯ ಗರಸಿನ ಹಾದಿಗಳಿವೆ.

ಇಂಥ ಹಾದಿಗೆಂದೇ ಮಾಡಿದ ಸೈಕಲ್ಲಿಗೆ ಜಗತ್ತಿನಲ್ಲಿ ಈಗ ಗ್ರಾವೆಲ್ ಬೈಕ್ ಎಂಬ ಹೆಸರು. ಬಾಗಿದ ಹ್ಯಾಂಡಲ್, ನಲವತ್ತು ಮಿಲಿಮೀಟರ್ ಆಸುಪಾಸಿನ ಟೈರು, ಅದರಲ್ಲಿ ಕಡಿಮೆ ಗಾಳಿ. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತ ಹಳೆಯ ಅಟ್ಲಾಸ್, ಹೀರೊ ಸೈಕಲ್ಲುಗಳ ಟೈರು ಒಂದೂವರೆ ಇಂಚು, ಹತ್ತಿರ ಹತ್ತಿರ ಅದೇ ಅಗಲ. ದುಬಾರಿ ಸೈಕಲ್ಲಿಗೆ ಈಚೆಗೆ ಬಂದ ಅಳತೆ ತಿಕೋಟಾದ ರೈತನ ಬಳಿ ಮೊದಲೇ ಇತ್ತು.

ಈ ನೆಲ ಸೈಕಲ್ಲಿಗೆ ಸುಲಭವಾಗಿ ಒಲಿಯುವುದಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇಲ್ಲಿ ಕಪ್ಪು ಕಲ್ಲಾಯಿತು, ಕಲ್ಲು ಕೊಳೆತು ಎರೆಮಣ್ಣಾಯಿತು. ಬೇಸಿಗೆಯಲ್ಲಿ ಬಿರಿದು ಮೊಣಕೈ ಇಳಿಯುವಷ್ಟು ಬಾಯಿ ತೆರೆಯುವ ಮಣ್ಣು, ನಾಲ್ಕು ಹನಿ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಆಗ ಸೈಕಲ್ಲಿನ ಗಾಲಿ ತುಸು ದೂರವೂ ಉರುಳದು. ಫೋರ್ಕಿನ ನಡುವೆ ಮಣ್ಣು ಮೆತ್ತಿ ಬಿಗಿದು ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು, ಹೆಗಲ ಮೇಲೆ ಹೊತ್ತು ನಡೆಯಬೇಕು. ಹದ ಬರುವ ತನಕ ಹೊಲಕ್ಕೆ ಕಾಲಿಡಬಾರದೆಂದು ಒಕ್ಕಲಿಗನಿಗೆ ಗೊತ್ತು, ಸವಾರನಿಗೆ ಅದನ್ನು ಮಣ್ಣೇ ಕಲಿಸುತ್ತದೆ. ಆಷಾಢಕ್ಕೆ ಮುಂಚಿನ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳಾಗಿ ಪೂಜೆಗೊಳ್ಳುವುದೂ ಇದೇ ಮಣ್ಣು. ಗಾಲಿಯನ್ನು ತಡೆಯುವುದನ್ನೇ ಮನೆಯೊಳಗೆ ಕೂರಿಸಿ ಕೈಮುಗಿಯುವ ಧರ್ಮ ಈ ಸೀಮೆಯದು. ಮುಂದಿನ ಮಾತಿಗೆಲ್ಲ ಇದೇ ತಳಪಾಯ.

ಮಮದಾಪುರಕ್ಕೆ ಹೆಸರು ಬಂದದ್ದು ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನಿಂದ. 1633ರಲ್ಲಿ ಅವನು ಇಲ್ಲಿ ಕೆರೆ ಕಟ್ಟಿಸಿದ. ಬರದ ನಾಡಿನಲ್ಲಿ ಶತಮಾನಗಳ ಕಾಲ ತುಂಬುತ್ತಾ ಬತ್ತುತ್ತಾ ಉಳಿದ ಈ ಕೆರೆಗೆ ಏತ ನೀರಾವರಿಯ ಕೊಳವೆಗಳು ಈಚೆಗೆ ಕೃಷ್ಣೆಯ ನೀರನ್ನು ಏರಿಸಿ ತಂದವು. ಪಕ್ಕದ ಮಡ್ಡಿಯಲ್ಲಿ ಮೀಸಲು ಅರಣ್ಯವಿದೆ. ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದಾಗ, 2016ರ ಹೊತ್ತಿಗೆ, ಶುರುವಾದ ಕೋಟಿ ವೃಕ್ಷ ಅಭಿಯಾನ ಇಂಥ ಜಾಗಗಳಲ್ಲೂ ರಸ್ತೆ ಬದಿಗಳಲ್ಲೂ ನಗರದ ಹತ್ತಿರದ ಕರಾಡ ದೊಡ್ಡಿಯಲ್ಲೂ ಸಸಿ ನೆಡಿಸಿತು. ಬಂದ ನೀರು, ನೆಟ್ಟ ಮರ, ಕಟ್ಟಿದ ಏರಿ. ಮನುಷ್ಯನ ಕೈ ತಾಗದ್ದು ಅಲ್ಲಿ ಸಿಗುವುದು ಕಷ್ಟ.

ಪವಿತ್ರವಾದದ್ದು ಮನುಷ್ಯನಿಂದ ದೂರವಿರಬೇಕೆಂದು ನಂಬುವವರು ಇಲ್ಲಿ ತಲೆ ಅಲ್ಲಾಡಿಸುತ್ತಾರೆ. ಅವರ ಕಣ್ಣಿನಲ್ಲಿ ನಿಜವಾದ ಕಾಡೆಂದರೆ ಫ್ರಾನ್ಸಿನ ಚಿತ್ರಗಳಲ್ಲಿ ಕಾಣುವಂಥದ್ದು: ಮಂಜು, ಬೀಚ್ ಮರಗಳ ಸಾಲು, ಎಲೆ ಮುಚ್ಚಿದ ಗರಸಿನ ದಾರಿ, ಒಂಟಿ ಸವಾರ. ಆದರೆ ಆ ಚಿತ್ರದ ಹಿಂದೆಯೂ ಒಂದು ಕಥೆಯಿದೆ.

ದಕ್ಷಿಣ ಫ್ರಾನ್ಸಿನ ಸೆವೆನ್ ಸೀಮೆಯಲ್ಲಿ ಏಗ್ವಾಲ್ ಎಂಬ ಬೆಟ್ಟವಿದೆ. ಇಂದು ಅದು 1970ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನದ ಭಾಗ, ಸೈಕಲ್ ಸವಾರರಿಗೆ ತೀರ್ಥಕ್ಷೇತ್ರವಿದ್ದಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಬೆಟ್ಟ ಬೋಳಾಗಿತ್ತು. ಕುರಿ ಮೇದು, ಇದ್ದಲಿಗೆ ಮರ ಕಡಿದು, ಮಳೆ ಬಂದರೆ ಮಣ್ಣು ಕೊಚ್ಚಿ ಕೆಳಗಿನ ಊರುಗಳ ಮೇಲೆ ಬೀಳುತ್ತಿತ್ತು. ಜಾರ್ಜ್ ಫಾಬ್ರ್ ಎಂಬ ಅರಣ್ಯಾಧಿಕಾರಿ 1875ರಿಂದ ದಶಕಗಳ ಕಾಲ ಅಲ್ಲಿ ಮರ ನೆಡಿಸಿದ. ಸಸ್ಯಶಾಸ್ತ್ರಜ್ಞ ಷಾರ್ಲ್ ಫ್ಲಾಓ ಜೊತೆಗೂಡಿದ. ಇಂದಿನ ಸವಾರ ಆದಿಮ ಕಾಡೆಂದು ಉಸಿರೆಳೆದುಕೊಳ್ಳುವ ನೆರಳಿನ ಬಹುಪಾಲು ಸರ್ಕಾರದ ಯೋಜನೆ, ಕೂಲಿ, ಸಸಿಮಡಿಗಳ ಫಲ. ಮಮದಾಪುರ ಮತ್ತು ಏಗ್ವಾಲ್‌ಗಳ ನಡುವೆ ನೂರಾರು ವರ್ಷಗಳ ವ್ಯತ್ಯಾಸವಿಲ್ಲ, ಒಂದೂವರೆ ಶತಮಾನಕ್ಕೂ ಕಡಿಮೆ. ಆ ಅಂತರ ಮರೆತುಹೋದದ್ದರಿಂದ ಒಂದು ಸಹಜವಾಗಿ ಕಾಣುತ್ತದೆ, ಇನ್ನೊಂದು ಕೃತಕವಾಗಿ ಕಾಣುತ್ತದೆ.

ಅದೇ ದೇಶದ ಸೇಂತ್-ಏತ್ಯೆನ್ ಎಂಬ ಗಣಿ, ಕಾರ್ಖಾನೆಗಳ ಊರಿನಲ್ಲಿ ಪಾಲ್ ದ ವಿವೀ ಇದ್ದ. 1853ರಿಂದ 1930ರವರೆಗೆ ಬದುಕಿದ ಅವನನ್ನು ಜನ ವೆಲೊಸಿಯೊ ಎಂದು ಕರೆದರು. ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಪತ್ರಿಕೆ ನಡೆಸಿದವನು, ಊರಿನ ಪಕ್ಕದ ಪಿಲಾ ಬೆಟ್ಟದ ಕಾಡುಗಳಲ್ಲಿ ಗೇರುಗಳನ್ನು ಪರೀಕ್ಷಿಸಿದವನು, ಸಸ್ಯಾಹಾರಿ. ಸವಾರರಿಗೆ ಅವನು ಹೇಳಿದ ಏಳು ನಿಯಮಗಳಲ್ಲಿ ಊಟ, ನೀರು, ವಿಶ್ರಾಂತಿಯ ಮಾತುಗಳಿವೆ, ಕೊನೆಗೆ ಡಂಬಕ್ಕಾಗಿ ತುಳಿಯಬಾರದೆಂಬ ಮಾತೂ ಇದೆ. ಯಮ ನಿಯಮಗಳನ್ನು ಕೇಳಿ ಬೆಳೆದ ಕಿವಿಗೆ ಇದು ಪರಕೀಯವಲ್ಲ. ದೇಹ ದಣಿಸುವುದನ್ನು ಅವನು ಮನಸ್ಸಿನ ಶಿಸ್ತೆಂದೇ ಕಂಡ.

ಅವನು ತೀರಿಹೋದ ಮರುವರ್ಷ ಆ ಕಡೆಗೇ ಬಂದ ತತ್ತ್ವಜ್ಞಾನಿ ಸಿಮೋನ್ ವೇಯ್ ದೇಹಶ್ರಮ ಮತ್ತು ಮನಸ್ಸಿನ ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದಳು. ಲ ಪ್ಯುಯಿ ಪಟ್ಟಣದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಲೇ ಸೇಂತ್-ಏತ್ಯೆನ್‌ನ ಗಣಿ ಕಾರ್ಮಿಕರಿಗೆ ಪಾಠ ಹೇಳಲು ಹೋಗುತ್ತಿದ್ದಳು. 1934-35ರಲ್ಲಿ ತಾನೇ ಕಾರ್ಖಾನೆಯಲ್ಲಿ ದುಡಿದಳು. ಅವಳ ಪಾಲಿಗೆ ಪೂರ್ಣವಾದ ಗಮನವೇ ಪ್ರಾರ್ಥನೆ. ದೈಹಿಕ ಶ್ರಮವನ್ನು ಅವಳು ಸಮಾಜದ ಆಧ್ಯಾತ್ಮಿಕ ಕೇಂದ್ರದಲ್ಲಿ ಇಟ್ಟಳು. ಅಷ್ಟೇ ಹೇಳಿದ್ದರೆ ಅದು ದುಡಿಯದವರ ಕನಸಾಗುತ್ತಿತ್ತು. ಇನ್ನೊಬ್ಬರ ಅಪ್ಪಣೆಯಲ್ಲಿ, ಇನ್ನೊಬ್ಬರ ವೇಗದಲ್ಲಿ ಮಾಡುವ ಅದೇ ಶ್ರಮ ಗಮನವನ್ನೇ ಕೊಲ್ಲುತ್ತದೆ ಎಂಬುದನ್ನೂ ಅವಳು ಯಂತ್ರದ ಮುಂದೆ ನಿಂತು ಅರಿತಳು.

ವಿಜಯಪುರಕ್ಕೆ ಈ ಎರಡೂ ಸತ್ಯಗಳು ಹೊಸವಲ್ಲ. ಅಮೀನ್ ದರ್ಗಾದ ದಿಬ್ಬಕ್ಕೆ ಮರಳಿದರೆ ಕಾಣುತ್ತದೆ. ಅಮೀನುದ್ದೀನ್ ಆಲಾ 1675ರಲ್ಲಿ ತೀರಿಕೊಂಡ ಸೂಫಿ. ಅವರ ಚಿಶ್ತಿ ಪರಂಪರೆಯ ಕವಿಗಳು ದಖನಿಯಲ್ಲಿ ಚಕ್ಕಿನಾಮಾ ಎಂಬ ಹಾಡುಗಳನ್ನು ಕಟ್ಟಿದರು. ಹೆಂಗಸರು ಬೆಳಗಿನ ಜಾವ ಬೀಸುವಾಗ ಹಾಡಿಕೊಳ್ಳಲು ಬರುವ ಪದಗಳವು. ಕಲ್ಲಿನ ಸುತ್ತಿಗೆ ದೇವರ ನಾಮಸ್ಮರಣೆ ಬೆಸೆದುಕೊಳ್ಳುವ ಬಗೆಯನ್ನು ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಖಾನಕಾದಲ್ಲಿ ಕೂತ ಫಕೀರನಿಗಿದ್ದ ಸಾಧನೆ ಅಡುಗೆಮನೆಯ ಹೆಂಗಸಿಗೂ ಸಿಕ್ಕಿದ್ದು ಆ ಸುತ್ತುವ ಕಲ್ಲಿನಿಂದ. ಕನ್ನಡದ ಬೀಸುವ ಪದಗಳಲ್ಲೂ ದೇವರನ್ನು, ತವರನ್ನು ನೆನೆದದ್ದು ಅದೇ ರಟ್ಟೆ. ಅವಳಿಗೆ ಕಾಡಿರಲಿಲ್ಲ, ಏಕಾಂತವಿರಲಿಲ್ಲ, ಬೀಸದೆ ಇರುವ ಸ್ವಾತಂತ್ರ್ಯವೂ ಇರಲಿಲ್ಲ. ಹಾಡು ಆ ಒತ್ತಾಯವನ್ನು ಅಳಿಸಲಿಲ್ಲ. ಅದರೊಳಗೇ ಅವಳದೇ ಆದ ಒಂದಿಷ್ಟು ಜಾಗ ಮಾಡಿಕೊಟ್ಟಿತು.

ಮಡ್ಡಿ ಏರುವ ಸವಾರನ ಉಸಿರು ಪೆಡಲಿನ ಸುತ್ತಿಗೆ ಹೊಂದಿಕೊಳ್ಳುವಾಗ ಆಗುವುದು ಇದರ ಹತ್ತಿರದ್ದು. ಗರಸಿನಲ್ಲಿ ಕಣ್ಣು ಎತ್ತಲೂ ಹರಿಯುವಂತಿಲ್ಲ. ಸಡಿಲ ಕಲ್ಲು, ಹಳ್ಳದ ಮರಳು, ಚಕ್ಕಡಿ ಗಾಲಿಯ ಕೊರಕಲು, ಎಲ್ಲವೂ ಗಮನ ಕೇಳುತ್ತವೆ. ಡಾಂಬರು ಮನಸ್ಸನ್ನು ಎಲ್ಲಿಗೋ ಬಿಟ್ಟುಕೊಡುತ್ತದೆ, ಗರಸು ಬಿಡುವುದಿಲ್ಲ. ಕಾಡು ಸಹಜವೋ ನೆಟ್ಟದ್ದೋ ಎಂಬ ಪ್ರಶ್ನೆ ಇಲ್ಲಿ ಬೇರೆ ರೂಪ ತಾಳುತ್ತದೆ. ಪಾವಿತ್ರ್ಯ ಮನುಷ್ಯ ಇಲ್ಲದಿರುವುದರಲ್ಲಿ ಇದ್ದಿದ್ದರೆ ಮಮದಾಪುರಕ್ಕೂ ಏಗ್ವಾಲ್‌ಗೂ ಅದು ದಕ್ಕುತ್ತಿರಲಿಲ್ಲ. ನೆಲದೊಡನೆ ಬಿಡದೆ ನಡೆಸುವ ಗಮನದ ದುಡಿಮೆಯಲ್ಲಿ ಅದು ಇದ್ದರೆ, ಕೆರೆಯ ಹೂಳೆತ್ತಿದವರು, ಸಸಿಗೆ ನೀರು ಹೊತ್ತವರು ಕದಳಿ ಹೊಕ್ಕವರ ಸಾಲಿಗೇ ಸೇರಬೇಕು.

ಆದರೆ ಗಮನ ಎಂದ ಮೇಲೆ ನೆಟ್ಟ ಮರವನ್ನಷ್ಟೇ ನೋಡಿ ನಿಲ್ಲುವಂತಿಲ್ಲ.

ಮರ ನೆಡುವ ಉತ್ಸಾಹ ಮಡ್ಡಿಯನ್ನು ಹಾಳು ಬಿದ್ದ ಜಾಗವೆಂದು ನೋಡುತ್ತದೆ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೆರಿಗೆ ಕೊಡದ ಬಯಲು ಬಂಜರಾಯಿತು, ಆ ಹಣೆಪಟ್ಟಿ ಇನ್ನೂ ಹೋಗಿಲ್ಲ. ಆದರೆ ದಖನ್ನಿನ ಹುಲ್ಲುಗಾವಲು ಕಾಡು ಕಳೆದುಕೊಂಡ ನೆಲವಲ್ಲ, ಅದು ತನ್ನಷ್ಟಕ್ಕೆ ತಾನೇ ಪೂರ್ಣವಾದ ಜೀವಲೋಕ. ಚಿಗರಿ, ತೋಳ, ನರಿ, ನೆಲದಲ್ಲಿ ಗೂಡು ಕಟ್ಟುವ ಬಾನಾಡಿಗಳು ಬಯಲನ್ನೇ ನಂಬಿವೆ. ಕುರಿಗಾರರ ಹಿಂಡುಗಳೂ ಅಷ್ಟೆ. ದಟ್ಟ ನೆಡುತೋಪು ಎದ್ದಲ್ಲಿ ಹುಲ್ಲಿಗೆ ಬಿಸಿಲು ಸಿಗದು, ಚಿಗರಿಗೆ ಓಡಲು ಬಯಲು ಸಿಗದು. ಫ್ರಾನ್ಸಿನಲ್ಲೂ ಮರ ನೆಟ್ಟ ಸರ್ಕಾರಕ್ಕೂ ಕುರಿ ಕಾಯುವವರಿಗೂ ತಿಕ್ಕಾಟ ನಡೆದೇ ಇತ್ತು. ಬೆಟ್ಟ ಉಳಿಸಿದ ಹಸಿರಿಗೆ ಬೆಲೆ ತೆತ್ತವರಲ್ಲಿ ಬಡ ಕುರಿಗಾರರೂ ಇದ್ದರು.

ಈ ಸೀಮೆಯ ಆಚರಣೆಗಳು ಇಲ್ಲಿ ಹೆಚ್ಚು ವಿವೇಕದಿಂದ ಮಾತಾಡುತ್ತವೆ. ಎಳ್ಳ ಅಮಾವಾಸ್ಯೆಯಂದು ಸಜ್ಜೆಯ ರೊಟ್ಟಿ, ಎಳ್ಳು ಹೋಳಿಗೆ, ಪುಂಡಿ ಪಲ್ಯ ಕಟ್ಟಿಕೊಂಡು ಕುಟುಂಬಗಳು ಹೊಲಕ್ಕೆ ಹೋಗುತ್ತವೆ, ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತವೆ. ಆ ಅನ್ನ ಮರಕ್ಕೆ ಮಾತ್ರ ಅಲ್ಲ, ಬಿಳಿಜೋಳದ ಬೆಳೆ, ಹುಲ್ಲು, ಹುಳು, ಹಕ್ಕಿ, ಹಾವು, ಎಲ್ಲಕ್ಕೂ. ಯಾವುದು ಹೆಚ್ಚು ಪವಿತ್ರ ಎಂದು ಅಲ್ಲಿ ಯಾರೂ ವಿಂಗಡಿಸುವುದಿಲ್ಲ.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ವಿಜಯಪುರದ ಜ್ಞಾನಯೋಗಾಶ್ರಮದಿಂದ ಊರೂರು ತಿರುಗಿ ಉಪನಿಷತ್ತು, ಗೀತೆ, ವಚನಗಳನ್ನು ಹಳ್ಳಿಯ ಜನಕ್ಕೆ ತಿಳಿಸಿದವರು ಅವರು. ಜೇಬಿಲ್ಲದ ಅಂಗಿ ತೊಟ್ಟರು, 2018ರಲ್ಲಿ ಪದ್ಮಶ್ರೀ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ ಅವರ ಅಂತಿಮ ಅಭಿವಂದನ ಪತ್ರ ಹೊರಬಂತು: ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು, ಬೂದಿ ನೀರಿಗೆ ಸೇರಬೇಕು. ಗದ್ದುಗೆಗಳ ನಾಡಿನಲ್ಲಿ, ಗೋಳಗುಮ್ಮಟದ ಊರಿನಲ್ಲಿ, ಒಂದು ಚದರಡಿ ನೆಲವನ್ನೂ ತನ್ನದೆಂದು ಉಳಿಸಿಕೊಳ್ಳದ ನಿಲುವು ಅದು. ನಿಸರ್ಗವನ್ನು ಪ್ರೀತಿಸುವುದೆಂದರೆ ಅದರ ಮೇಲೆ ಗುರುತು ಒತ್ತುವುದಲ್ಲ ಎಂಬ ಎಚ್ಚರ ನೆಟ್ಟವರ ಹೆಸರಿನ ಫಲಕಗಳಿಗೂ, ಸಸಿ ನೆಡುವ ಹಕ್ಕು ತಮ್ಮದೊಂದೇ ಎಂದುಕೊಳ್ಳುವವರಿಗೂ ಬೇಕಾದದ್ದು.

ಇನ್ನು ತುಳಿಯುವವರು ಯಾರು? ಕರ್ನಾಟಕದ ಸೈಕಲ್ ಸ್ಪರ್ಧಿಗಳಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಡ ಮನೆಗಳವರು. ವಿಜಯಪುರದ ವೆಲೊಡ್ರೋಮ್ ವರ್ಷಗಳ ಕಾಲ ಕುಂಟುತ್ತಿದ್ದಾಗ ಲಾರಿಗಳ ನಡುವೆಯೇ ಹೆದ್ದಾರಿಯಲ್ಲಿ ತಾಲೀಮು ಮಾಡಿದವರು. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ತಿಕೋಟಾ, ಬಬಲೇಶ್ವರದ ಸುತ್ತಿನ ತೋಟದ ವಸ್ತಿಗಳ ಹುಡುಗಿಯರು ಇದೇ ಗರಸಿನ ದಾರಿಗಳಲ್ಲಿ ಹೈಸ್ಕೂಲಿಗೆ ಬಂದರು. ರಜೆಯ ದಿನ ಮಮದಾಪುರಕ್ಕೆ ಹೊರಡುವ ನಗರದ ಸವಾರ ಶಾಂತಿ ಹುಡುಕಿ ತುಳಿಯುತ್ತಾನೆ, ಆ ಹುಡುಗಿ ಗಂಟೆ ಹೊಡೆಯುವುದರೊಳಗೆ ತಲುಪಲು ತುಳಿದಳು. ಬೀಸುವ ಹೆಂಗಸಿಗೂ ಖಾನಕಾದ ಫಕೀರನಿಗೂ ಇದ್ದ ಅಂತರ ಇದೇ. ಹಾಗೆಂದು ಅವಳ ದಾರಿಯಲ್ಲಿ ಗಮನವಿರಲಿಲ್ಲ ಎನ್ನುವ ಅಧಿಕಾರ ಯಾರಿಗಿದೆ? ಕೊರಕಲು ಎಲ್ಲಿದೆ, ಯಾವ ಹಳ್ಳ ಯಾವ ಮಳೆಗೆ ತುಂಬುತ್ತದೆ, ಯಾವ ಹೊಲದ ಬದುವಿನಲ್ಲಿ ಚಿಗರಿ ನಿಲ್ಲುತ್ತವೆ ಎಂಬುದು ರಜೆಯ ಸವಾರನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ.

ಆ ತಿಳಿವಳಿಕೆಗೆ ಸಸಿ ನೆಡುವ ಯೋಜನೆಗಳಲ್ಲಿ ಜಾಗ ಸಿಗಬೇಕು. ಮಳೆಗಾಲಕ್ಕೆ ಮುಂಚೆ ಮಡ್ಡಿಯಲ್ಲಿ ಗುಂಡಿ ಗುರುತು ಹಾಕುವವರು ಕುರಿಗಾರರನ್ನೂ ಆ ದಾರಿಯಲ್ಲಿ ಶಾಲೆಗೆ ಹೋಗುವವರನ್ನೂ ಜೊತೆಗೆ ಕರೆದುಕೊಂಡು ಒಂದು ಸುತ್ತು ನಡೆಯಬಹುದು. ಯಾವ ಮಡ್ಡಿಯನ್ನು ಹುಲ್ಲಿಗೇ ಬಿಡಬೇಕು, ಎಲ್ಲಿ ಜಾಲಿ ತೆಗೆದು ಬನ್ನಿ, ಬೇವು ಹಾಕಬೇಕು, ಯಾವ ಚಕ್ಕಡಿ ದಾರಿ ಡಾಂಬರಾಗದೆ ಉಳಿಯಬೇಕು ಎಂಬುದನ್ನು ಅವರು ಕೈತೋರಿಸಿ ಹೇಳಬಲ್ಲರು.