ಡೊಂಬಿವಲಿಯ ಸಂಖ್ಯಾಹಾರ

ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 12345678987654321 ಬರುತ್ತದೆ. ಹೀಗೆ ಏರಿ ಇಳಿಯುವ ಸಂಖ್ಯೆಗಳನ್ನು ದ.ರಾ. ಕಾಪ್ರೇಕರ್ ಡೆಮ್ಲೊ ಸಂಖ್ಯೆಗಳೆಂದು ಕರೆದರು. ಡೆಮ್ಲೊ ಅಂದರೆ ಇಂದಿನ ಡೊಂಬಿವಲಿ. ಇವುಗಳ ಬೆನ್ನು ಹತ್ತುವ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿ. ಡಹಾಣೂವಿನಲ್ಲಿ 1905ರಲ್ಲಿ ಹುಟ್ಟಿ, ಠಾಣೆಯಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು ಅವರು. ಅವರ ಕೆಲಸವನ್ನು ಮಕ್ಕಳಾಟವೆಂದು ತಳ್ಳಿಹಾಕಿದ ವಿದ್ವಾಂಸರೂ ಇದ್ದರು.

ಆ ಆಕ್ಷೇಪಕ್ಕೆ ತೂಕವಿದೆ. 9801 ಎಂಬುದು ತಿರುವಿ ಬರೆದ 1089ರ ಒಂಬತ್ತರಷ್ಟು. ಇಂಥದರಲ್ಲಿ ಗಣಿತಜ್ಞನನ್ನು ಸೆಳೆಯುವಂಥದ್ದೇನೂ ಇಲ್ಲವೆಂದು ಜಿ.ಎಚ್. ಹಾರ್ಡಿ 1940ರಲ್ಲಿ ವಾದಿಸಿದರು. ಅಂಕಿಗಳು ಬರಹದ ಗುಣ, ಸಂಖ್ಯೆಯ ಗುಣವಲ್ಲ. ನಮಗೆ ಎಂಟೇ ಬೆರಳಿದ್ದು ಎಂಟೆಂಟಾಗಿ ಎಣಿಸಿದ್ದರೆ ಆ ಬೆರಗು ಎಲ್ಲಿರುತ್ತಿತ್ತು?

ಈ ಪ್ರಶ್ನೆಯನ್ನು ನಮ್ಮ ಸಂಖ್ಯೆಗೇ ಕೇಳಬೇಕು. ಅದರ ಅಂಕಿಗಳ ಮೊತ್ತ 81, ಮತ್ತು 81ರಿಂದ ಅದು ನಿಶ್ಶೇಷವಾಗಿ ಭಾಗವಾಗುತ್ತದೆ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಇಂಥ ಸಂಖ್ಯೆಗೆ ಹರ್ಷದ ಎಂದು ಹೆಸರಿಟ್ಟವರೂ ಕಾಪ್ರೇಕರರೇ. ಬರುವ ಭಾಗಲಬ್ಧ 12345679ರ ವರ್ಗ. ಅಲ್ಲಿ ಎಂಟು ಮಾತ್ರ ಕಾಣೆ. ಈಗ ಎಂಟರ ಎಣಿಕೆಗೆ ಹೋಗೋಣ. ಏಳು ಒಂದುಗಳ ವರ್ಗ 1234567654321, ಅಂಕಿಗಳ ಮೊತ್ತ ಏಳೇಳಲಿ ನಲವತ್ತೊಂಬತ್ತು. ಅದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಭಾಗಲಬ್ಧ ಎಂಟರ ಎಣಿಕೆಯಲ್ಲಿ 123457ರ ವರ್ಗ. ಇಲ್ಲಿ ಕಾಣೆಯಾದದ್ದು ಆರು. ಬೆರಳು ಬದಲಾಯಿತು, ಬೆರಗು ಬದಲಾಗಲಿಲ್ಲ. ಎಷ್ಟರ ಎಣಿಕೆಯಾದರೂ ಹೀಗೆಯೇ. ಹಾರ್ಡಿಯವರ ಅಳತೆಗೋಲಿನಿಂದಲೇ ಅಳೆದರೂ ಇದನ್ನು ಕಾಕತಾಳೀಯ ಎನ್ನಲಾಗದು. ಹತ್ತರ ಬರಹ ನಮ್ಮದು; ಅದರೊಳಗಿಂದ ಕಂಡ ನಿಯಮ ಯಾರ ಬರಹಕ್ಕೂ ಕಟ್ಟುಬಿದ್ದದ್ದಲ್ಲ.

ಕನ್ನಡಿಗರಿಗಂತೂ ಈ ಸಂಭ್ರಮ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 12345654321ನ್ನು ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವುದೆಂದು ಬಣ್ಣಿಸಿದ್ದರು. ಇಂಥ ಗುಣಲಬ್ಧಗಳು ಅವರಿಗೆ ಕೊರಳ ಹಾರದಂತೆ ಕಂಡಿದ್ದವು. ಅದನ್ನು ಆಟವೆಂದು ಬದಿಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಣ್ಣಿಗೆ ಹಿತವಾದದ್ದನ್ನು ಬಿಡದೆ ನೋಡಿದವರಿಗೇ ಅದರ ಕಾರಣ ಕೇಳುವ ಹಂಬಲ ಹುಟ್ಟುವುದು.

ಕಾರಣವೂ ಕೈಗೆಟಕುವಂಥದ್ದೇ. ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಒಂಬತ್ತು ಸಲ ಬರೆದು ಕೂಡಿದಾಗ ನಡುವೆ ಒಂಬತ್ತು ಒಂದುಗಳು ಸೇರುತ್ತವೆ, ಎಲ್ಲೂ ದಶಕ ಬರುವುದಿಲ್ಲ. ಹತ್ತು ಒಂದುಗಳಾದರೆ ನಡುವೆ ಹತ್ತು ನಿಂತು ಒಂದು ದಶಕ ಎಡಕ್ಕೆ ಹೋಗುತ್ತದೆ. ಅಲ್ಲಿನ ಒಂಬತ್ತು ಸೊನ್ನೆಯಾಗಿ, ಅದರಾಚೆಯ ಎಂಟು ಒಂಬತ್ತಾಗುತ್ತದೆ: 1234567900987654321. ಎಡಬದಿಯ ಎಂಟು ಕಾಣೆಯಾಗುವುದು ಹೀಗೆ. ಒಂದನ್ನು 81ರಿಂದ ಭಾಗಿಸಿದಾಗಲೂ ಇದೇ ದಶಕ ಇದೇ ಎಂಟನ್ನು ಅಳಿಸುತ್ತದೆ: 0.012345679012345679…